ಸುಳ್ಳು ಬ್ಯಾನಿ ಅಂತ ನಗಬ್ಯಾಡ್ರಿ

ದಿನಾ ತುಂಬಿದ ಬಸರಿ "ಯಾಕೋ ಹೊಟ್ಟಿ ಬಿಗಿಲಿಕ್ಕೆ ಹತ್ತೇದ" ಅಂದ್ಲಂದ್ರ ಸಾಕು, ಮನ್ಯಾಗ ನಾಲ್ಕು ತೀರ್ಪು ಬರ್ತಾವ. "ಗ್ಯಾಸ್ ಆಗಿರಬೇಕು" ಅಂತ ಒಬ್ರು. "ಇನ್ನೂ ದಿನಾ ಅವ, ಸುಮ್ನ ಮಲ್ಕೋ" ಅಂತ ಇನ್ನೊಬ್ರು. "ನಾವು ಮೂರು ಹಡದೇವಿ, ನಮಗ ಗೊತ್ತಾಗಂಗಿಲ್ಲೇನು? ಇದು ಸುಳ್ಳು ಬ್ಯಾನಿ" ಅಂತ ಅತ್ತಿಯವರು. ಹಡದವರ ಅನುಭವ ದೊಡ್ಡದು, ಇಲ್ಲ ಅನ್ನಂಗಿಲ್ಲ. ಆದ್ರ ಹುಡುಗಿ ಮಾರಿ ನೋಡಿ ಬ್ಯಾನಿ ಖರೇನೋ ಸುಳ್ಳೋ ಅಂತ ಹೇಳೋದು ಬ್ಯಾಡ. ಗಡಿಯಾರ ನೋಡಿ ಹೇಳ್ರಿ ಅನ್ನೋದು ನನ್ನ ಮಾತು.

ಮೊದಲ ಇದನ್ನ ತಿಳ್ಕೋಬೇಕು: ಸುಳ್ಳು ಬ್ಯಾನಿ ಅಂದ್ರ ಹುಡುಗಿ ಸುಳ್ಳು ಹೇಳ್ತಾಳ ಅಂತಲ್ಲ. ಗರ್ಭಕೋಶ ಖರೇನ ಬಿಗಿತದ. 1872ರಾಗ ಬ್ರಾಕ್ಸ್‌ಟನ್ ಹಿಕ್ಸ್ ಅನ್ನೋ ಇಂಗ್ಲಿಷ್ ಡಾಕ್ಟರ್ ಇದರ ಬಗ್ಗೆ ಬರದ್ರು. ಇವತ್ತಿಗೂ ಇದಕ್ಕ ಅವರದ ಹೆಸರು. ಬಿಗಿತದ ಖರೆ, ಆದ್ರ ಗರ್ಭಕೋಶದ ಬಾಯಿ ತೆರಿಯಂಗಿಲ್ಲ. ಅಷ್ಟ ಫರಕು.

ಹೊಟ್ಟಿ ಬಿಗಿಲಿಕ್ಕೆ ಶುರು ಆದ ಟೈಮು, ಬಿಟ್ಟ ಟೈಮು ಒಂದು ಹಾಳ್ಯಾಗ ಬರೀರಿ. ಹುಡುಗಿಗೆ ಒಂದು ಗ್ಲಾಸ್ ನೀರು ಕುಡಿಸ್ರಿ, ಮೂತ್ರಕ್ಕ ಹೋಗಿ ಬಂದು ಎಡ ಮಗ್ಗಲಾಗಿ ಮಲಗಲಿ, ಇಲ್ಲಾ ನಾಲ್ಕು ಹೆಜ್ಜಿ ಅಡ್ಡಾಡಲಿ. ಸುಳ್ಳು ಬ್ಯಾನಿ ಇದ್ರ ಹೊತ್ತುಗೊತ್ತಿಲ್ಲದ ಬಂದು, ಹೀಂಗ ಮಾಡಿದ ಕೂಡ್ಲೆ ಇಳೀತದ. ಖರೇ ಬ್ಯಾನಿ ಏನು ಮಾಡಿದ್ರೂ ಬಿಡಂಗಿಲ್ಲ. ಬರಬರ್ತಾ ಹತ್ರ ಹತ್ರ ಬರ್ತದ, ಜೋರಾಗ್ತದ. ಭಾಳ ಮಂದಿಗೆ ನಡದಿಂದ ಶುರುವಾಗಿ ಮುಂದ ಕಿಬ್ಬೊಟ್ಟಿಗೆ ಬರ್ತದ. ಚೊಚ್ಚಲ ಇದ್ರ, ಐದೈದು ನಿಮಿಷಕ್ಕ ಒಮ್ಮೆ, ಒಂದೊಂದು ನಿಮಿಷ, ಹಿಂಗ ಒಂದು ತಾಸು ನಡದ್ರ ಹೊರಡ್ರಿ. ಎರಡನೇದು ಮೂರನೇದು ಇದ್ರ ಹೆರಿಗಿ ಲಗೂನ ಆಗ್ತದ. ಅಂಥವರು, ಮೊದಲ ಸಿಝೇರಿಯನ್ ಆದವರು, ದವಾಖಾನಿ ದೂರ ಇರೋ ಹಳ್ಳಿಯವರು ಅಷ್ಟು ಹೊತ್ತು ಕಾಯಬಾರದು.

ಇನ್ನ ಕೆಲವಕ್ಕ ಗಡಿಯಾರನೂ ಬ್ಯಾಡ. ನೀರು ಒಡದ್ರ, ರಕ್ತ ಹೋದ್ರ, ಕೂಸಿನ ಮಿಸುಕಾಟ ಕಡಿಮಿ ಆದ್ರ, ತಲಿ ಸಿಡದು ಕಣ್ಣು ಮಂಜಾದ್ರ, ಜ್ವರ ಬಂದ್ರ, 37 ವಾರ ತುಂಬೋಕಿಂತ ಮೊದಲ ಬ್ಯಾನಿ ಲೆಕ್ಕದಾಗ ಬರಲಿಕ್ಕೆ ಹತ್ತಿದ್ರ ಆ ಕ್ಷಣಾನ ಹೋಗ್ಬೇಕು. ಜೀರಗಿ ಕಷಾಯ ಒಂದು ಗುಟುಕು ಕೊಟ್ರ ಕೊಡ್ರಿ, ಆದ್ರ "ಬ್ಯಾನಿ ಜೋರಾಗ್ಲಿ" ಅಂತ ಔಡಲೆಣ್ಣಿ ಮಾತ್ರ ಕುಡಿಸಬ್ಯಾಡ್ರಿ. ಜುಲಾಬ ಹತ್ತಿ, ಹಡಿಯೋ ಶಕ್ತಿನ ಇಲ್ಲದಂಗ ಆಗ್ತದ.

ಇಷ್ಟೆಲ್ಲಾ ನೋಡಿದ್ರೂ ಒಮ್ಮೊಮ್ಮೆ ಗೊತ್ತಾಗಂಗಿಲ್ಲ. ಗರ್ಭಕೋಶದ ಬಾಯಿ ತೆರದದೋ ಇಲ್ಲೋ ಅಂತ ಪರೀಕ್ಷಾ ಮಾಡಿದ ಡಾಕ್ಟರೋ ನರ್ಸೋ ಹೇಳಬೇಕು. ಹಂಗಂದ ಮ್ಯಾಲೆ ಹೋಗಿ ವಾಪಸ್ ಬಂದವಳದು ಏನು ತಪ್ಪು? ಆದ್ರ ನಾವು ಏನು ಮಾಡ್ತೇವಿ? "ಏನವಾ, ಕೂಸು ದವಾಖಾನ್ಯಾಗ ಬಿಟ್ಟು ಬಂದ್ಯೇನು?" ಅಂತ ಚ್ಯಾಷ್ಟಿ ಮಾಡ್ತೇವಿ. ಆಟೋದ ರೊಕ್ಕ ಹಾಳಾತು ಅಂತ ಗೊಣಗ್ತೇವಿ. ಇದನ್ನೆಲ್ಲಾ ಕೇಳಿದ ಹುಡುಗಿ ಮುಂದಿನ ಸಲ ನಡುರಾತ್ರಿ ಬ್ಯಾನಿ ಬಂದ್ರ ಯಾರನ್ನೂ ಎಬ್ಬಸಂಗಿಲ್ಲ. ಹಲ್ಲು ಕಚ್ಚಿ ಬೆಳಗಾಗೋ ತನಕ ಕಾಯ್ತಾಳ. ದಾರ್ಯಾಗ ಹೆರಿಗಿ ಆಗೋದು ಹಿಂಗ.

ರೊಕ್ಕದ ಚಿಂತಿ ಇದ್ರ, 108ಕ್ಕ ಫೋನ್ ಮಾಡ್ರಿ, ಆ ಗಾಡಿಗೆ ರೊಕ್ಕ ಇಲ್ಲ. ಸರ್ಕಾರಿ ದವಾಖಾನ್ಯಾಗ ಹೆರಿಗಿ, ಸಿಝೇರಿಯನ್, ಹೋಗಿ ಬರೋ ಗಾಡಿ ಎಲ್ಲಾ ಪುಕ್ಕಟೆ ಅಂತ 2011ರಿಂದ ಕೇಂದ್ರದ ಯೋಜನಾನ ಅದ. ಒಂಬತ್ತರಾಗ ಬಿದ್ದ ಕೂಡ್ಲೆ ತಾಯಿ ಕಾರ್ಡು, ಎರಡು ಹಳೇ ಸೀರಿ, ಕೂಸಿನ ಬಟ್ಟಿ ಒಂದು ಚೀಲದಾಗ ಹಾಕಿ ಬಾಗಿಲ ಹತ್ರ ಇಡ್ರಿ.

ಮೂರು ಸಲ ಸುಳ್ಳು ಬ್ಯಾನಿಗೆ ಹೋಗಿ ಬಂದ್ರೂ ಅಡ್ಡಿ ಇಲ್ಲ. ವಾಪಸ್ ಬಂದವಳಿಗೆ ಬಿಸಿ ಬಿಸಿ ಚಾ ಮಾಡಿ ಕೊಡ್ರಿ, "ಮತ್ತ ಬಂದ್ರ ಎಬ್ಬಸವಾ, ನಾ ಅದೇನಿ" ಅನ್ರಿ.