ನಮ್ಮದೆನ್ನುವ ಪುಸ್ತಕ

ಒಂದು ಪುಸ್ತಕವನ್ನು ಓದಿ ಕೆಳಗಿಟ್ಟೊಡನೆ ನಮ್ಮ ಕಡೆಯ ವಾಚಕರ ಬಾಯಿಂದ ಹೊರಡುವ ಮೊದಲನೆಯ ಮಾತು ಬಹುಮಟ್ಟಿಗೆ ಒಂದೇ: ‘ಇದು ನಮ್ಮದು’, ಇಲ್ಲವೆ ‘ಇದು ನಮ್ಮದಲ್ಲ’. ಮಾತು ನಮ್ಮದು, ಊರು ನಮ್ಮದು, ಜನ ನಮ್ಮವರು ಎಂಬ ಸಂತೋಷಕ್ಕಿಂತ ಸಹಜವಾದ ಸಂತೋಷ ಓದಿನಲ್ಲಿ ಬೇರೊಂದಿಲ್ಲ. ಆದರೆ ಅದು ರಸಿಕತೆಯ ಮೊದಲನೆಯ ಮೆಟ್ಟಿಲೇ ಹೊರತು ಕೊನೆಯದಲ್ಲ. ಕಳೆದ ಕೆಲವು ತಿಂಗಳಲ್ಲಿ ಯಾವ ಕ್ರಮವೂ ಇಲ್ಲದೆ ಕೈಗೆ ಬಂದ ಐದು ಪುಸ್ತಕಗಳನ್ನು ನಾನು ಓದಿದೆ. ಅವುಗಳಲ್ಲಿ ಕೆಲವು ಎರಡನೆಯ ಓದು. ಒಂದು ಹತ್ತನೆಯ ಶತಮಾನದ್ದು. ಇನ್ನೊಂದು ಈಚೆಗಷ್ಟೇ ದೂರದೇಶದ ಪ್ರಶಸ್ತಿಯಿಂದ ಎಲ್ಲರ ನಾಲಗೆಯ ಮೇಲೆ ಬಂದದ್ದು. ಒಂದರ ಪಕ್ಕದಲ್ಲೊಂದು ಬಂದು ಕುಳಿತ ಈ ಗ್ರಂಥಗಳು ‘ನಮ್ಮದು’ ಎಂಬ ಆ ಪದವನ್ನೇ ಪರೀಕ್ಷೆಗೆ ಹಚ್ಚಿದವು. ಆ ಪರೀಕ್ಷೆಯಲ್ಲಿ ನನಗೆ ತೋರಿದುದನ್ನು ವಾಚಕರ ಮುಂದಿಡುತ್ತೇನೆ.

ಓದಿದ ಸ್ಥಳವನ್ನೂ ಹೇಳುವುದು ಅವಶ್ಯ. ಯಮನೂರು ನವಲಗುಂದ ತಾಲೂಕಿನ ಊರು, ಬೆಣ್ಣೆಹಳ್ಳದ ದಂಡೆಯದು, ಸುತ್ತಲೂ ಎರೆಭೂಮಿ. ಇಲ್ಲಿಯ ದೈವಕ್ಕೆ ಎರಡು ಹೆಸರುಗಳಿವೆ. ಕೆಲವರು ಚಾಂಗದೇವನೆನ್ನುತ್ತಾರೆ, ಕೆಲವರು ರಾಜಾಬಾಗಸವಾರನೆನ್ನುತ್ತಾರೆ. ಹುಲಿಯನ್ನೇರಿ ಬಂದ ಯೋಗಿ ಚಾಂಗದೇವನ ಕಥೆ ಮರಾಠಿ ಸಂತಪರಂಪರೆಯಲ್ಲಿ ಜ್ಞಾನೇಶ್ವರರ ಕಥೆಯೊಡನೆ ಹೆಣೆದುಕೊಂಡಿದೆ. ಬಾಗಸವಾರನೆಂಬ ಹೆಸರಿನಲ್ಲಿಯೂ ಹುಲಿಯ ಸವಾರನೇ ಇದ್ದಾನೆ. ಜಾತ್ರೆಗೆ ಬರುವ ಹಿಂದೂಗಳೂ ಮುಸಲ್ಮಾನರೂ ಒಂದೇ ಹಳ್ಳದಲ್ಲಿ ಮೀಯುತ್ತಾರೆ. ಆ ಹಳ್ಳದ ನೀರಿನಿಂದಲೇ ದೀಪ ಉರಿಯಿತೆಂಬ ಮಹಿಮೆಯನ್ನು ಒಂದೇ ಭಕ್ತಿಯಿಂದ ಹೇಳುತ್ತಾರೆ. ದೇವರು ನಮ್ಮವನೆಂದು ಇಬ್ಬರೂ ಹೇಳುವ ಊರಿನಲ್ಲಿ ಕುಳಿತು, ಪುಸ್ತಕವನ್ನು ಮಾತ್ರ ‘ನಮ್ಮದು’ ಎಂದು ಒಬ್ಬರೇ ಕಟ್ಟಿಕೊಳ್ಳಲು ಹೋದರೆ ನಾಲಗೆ ತುಸು ತಡೆಯುವುದು ಸಹಜ.

ಮೊದಲು ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’. ವೈದ್ಯರು 1936ರಲ್ಲಿ ನವಲಗುಂದದಲ್ಲಿ ಹುಟ್ಟಿದವರು. ಬ್ಯಾಂಕಿನ ನೌಕರಿಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದು, ತಡವಾಗಿ ಬರೆಯತೊಡಗಿ, 2023ರಲ್ಲಿ ತೀರಿಕೊಂಡರು. ಧಾರವಾಡದ ಮನೋಹರ ಗ್ರಂಥಮಾಲೆಯಿಂದ 2004ರಲ್ಲಿ ಹೊರಬಂದ ಈ ಕಾದಂಬರಿಗೆ 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಮೇಲೆಲ್ಲೋ ಮಳೆ ಸುರಿದು, ಇಲ್ಲಿ ಬಿಸಿಲು ಇರುವಾಗಲೇ ಕೆಂಪುನೀರು ಮೊರೆದು ಬರುವುದನ್ನು ಕಂಡವರಿಗೆ ಆ ಶೀರ್ಷಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಅದು ಸಂಭ್ರಮದ ಕೂಗೂ ಹೌದು, ಎಚ್ಚರಿಕೆಯ ಕೂಗೂ ಹೌದು. 2019ರ ಆಗಸ್ಟಿನಲ್ಲಿ ಬೆಣ್ಣೆಹಳ್ಳ ಉಕ್ಕಿ ಹರಿದಾಗ ಈ ಭಾಗದ ಜನ ಅದರ ಎರಡನೆಯ ಅರ್ಥವನ್ನೇ ಕಂಡರು.

ನವಲಗುಂದದ ಒಂದು ಬ್ರಾಹ್ಮಣ ಮನೆತನದ ಸ್ವಾತಂತ್ರ್ಯಪೂರ್ವದ ಬದುಕು ಈ ಕಾದಂಬರಿಯ ವಸ್ತು. ಧಾರವಾಡದ ಆಡುಮಾತು ಇಲ್ಲಿ ಅಲಂಕಾರಕ್ಕಾಗಿ ಬಂದಿಲ್ಲ. ಅದೇ ಕಥೆಯ ಉಸಿರು. ಓದುತ್ತ ಎಷ್ಟೋ ಕಡೆ ನಾನು ನಕ್ಕೆ. ನಕ್ಕ ಮರುಗಳಿಗೆಯಲ್ಲಿಯೇ ಮನಸ್ಸು ಭಾರವಾಯಿತು. ಆದರೂ ಈ ಕೃತಿ ಊರನ್ನು ಒಂದು ಮನೆಯ ಕಿಟಕಿಯಿಂದ ನೋಡುತ್ತದೆಂಬುದನ್ನು ಮರೆಯಬಾರದು. ಅದು ದೋಷವಲ್ಲ, ತಾನು ಕಂಡದ್ದನ್ನಷ್ಟೇ ಹೇಳುವ ಪ್ರಾಮಾಣಿಕತೆ. ದೋಷವಿದ್ದರೆ ಅದು ನಮ್ಮಲ್ಲಿದೆ: ಒಂದು ಮನೆಯ ಕಥೆಯನ್ನು ಓದಿ ಇಡೀ ನವಲಗುಂದವನ್ನೇ ಓದಿದೆವೆಂದು ತೃಪ್ತರಾಗುವಲ್ಲಿದೆ.

ಮನೆಯ ಮಾತು ಬಂದುದರಿಂದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನೆನಪಾಗುತ್ತದೆ. 2013ರಲ್ಲಿ ಬಂದ ಈ ಕಿರಿದಾದ ಕೃತಿ ಬೆಂಗಳೂರಿನದು. ಬಡತನದಲ್ಲಿ ಒಬ್ಬರಿಗೊಬ್ಬರು ಆತು ಬದುಕಿದ ಕುಟುಂಬವೊಂದು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಸಿರಿವಂತವಾಗುತ್ತದೆ. ದುಡ್ಡು ಬಂದ ಮೇಲೆ ಒಗ್ಗಟ್ಟು ಉಳಿಯುತ್ತದೆ, ಆದರೆ ಅದರ ಗುಣ ಕೆಡುತ್ತದೆ. ಚಿಕ್ಕಪ್ಪನನ್ನು ಹುಡುಕಿಕೊಂಡು, ಅಡಿಗೆ ಮಾಡಿ ತಂದ ಪಾತ್ರೆಯೊಂದಿಗೆ ಬಾಗಿಲಿಗೆ ಬಂದ ಹೆಂಗಸನ್ನು ಆ ಮನೆಯ ಹೆಂಗಸರು ಅಟ್ಟುವ ಭಾಗವನ್ನು ಓದಿ ನಾನು ಪುಸ್ತಕವನ್ನು ಕೆಲಹೊತ್ತು ಮುಚ್ಚಿಟ್ಟೆ. ಆ ಮನೆಯಲ್ಲಿ ಯಾರೂ ರಾಕ್ಷಸರಲ್ಲ. ತಮ್ಮವರನ್ನು ಕಾಯ್ದುಕೊಳ್ಳುವುದಷ್ಟೇ ಅವರ ಧರ್ಮ. ‘ನಾವು’ ಎಂಬ ಮಾತು ಪ್ರೀತಿಯಲ್ಲಿ ಹುಟ್ಟಿ, ಹೊರಗಿನವರನ್ನು ಹೊಸಕುವ ಬಲವಾಗಿ ಬೆಳೆಯಬಹುದೆಂಬುದನ್ನು ಇಷ್ಟು ಮೆಲುದನಿಯಲ್ಲಿ ಹೇಳಿದ ಕನ್ನಡ ಕೃತಿಗಳು ವಿರಳ. ಶೀರ್ಷಿಕೆಯ ಪದ ಯಾವ ನಿಘಂಟಿನಲ್ಲಿಯೂ ಇಲ್ಲ. ಒಂದು ಮನೆಯವರು ತಮ್ಮೊಳಗೆ ಕಟ್ಟಿಕೊಂಡ ಮಾತು ಅದು, ಬಿಡಿಸಲಾಗದ ಗಂಟು ಎಂಬರ್ಥದ್ದು. ತಮಗಷ್ಟೇ ತಿಳಿಯುವ ಭಾಷೆಯ ಸುಖ ಮತ್ತು ಭಯ ಎರಡೂ ಅದರಲ್ಲಿವೆ.

ಅನಂತರ ಬಾನು ಮುಷ್ತಾಕರ ಕಥೆಗಳು. ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿಯವರು ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. 2025ರ ಮೇ ತಿಂಗಳಲ್ಲಿ ಆ ಸಂಕಲನಕ್ಕೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಿತು. ಕನ್ನಡಕ್ಕೆ ಇದು ಮೊದಲನೆಯದು, ಕಥಾಸಂಕಲನವೊಂದಕ್ಕೂ ಮೊದಲನೆಯದು. ಅಂದಿನಿಂದ ಎಲ್ಲರೂ ‘ನಮ್ಮ ಬಾನು’ ಎನ್ನುತ್ತಿದ್ದಾರೆ. ಹರ್ಷದ ಸಂಗತಿಯೇ ಸರಿ. ಆದರೆ ಹಾಸನದ ಈ ಲೇಖಕಿ ದಶಕಗಳಿಂದ ಬರೆಯುತ್ತಿದ್ದರು. ಆಗ ನಮ್ಮಲ್ಲಿ ಎಷ್ಟು ಜನ ಆ ಕಥೆಗಳನ್ನು ‘ಅವರ ಕಥೆ’ ಎಂದು ಬದಿಗಿಡಲಿಲ್ಲ? ಲಂಡನ್ನಿನಿಂದ ಸುದ್ದಿ ಬಂದ ಮೇಲೆ ನಮ್ಮದಾದುದು ಅದಕ್ಕೆ ಮೊದಲು ಯಾರದಾಗಿತ್ತು?

ಪ್ರಶಸ್ತಿಯ ಗದ್ದಲ ತಗ್ಗಿದ ಮೇಲೆ ‘ಎದೆಯ ಹಣತೆ’ಯನ್ನು ಕನ್ನಡದಲ್ಲಿ ಮತ್ತೆ ಓದಿದೆ. ಗಂಡ ಬೇರೊಬ್ಬಳ ಕಡೆಗೆ ತಿರುಗಿದುದರಿಂದ ಕೂಸನ್ನೆತ್ತಿಕೊಂಡು ತವರಿಗೆ ಬಂದ ಮೆಹರುನ್‌ಳನ್ನು ಒಡಹುಟ್ಟಿದವರೇ ಮನೆತನದ ಮಾನವನ್ನು ಮುಂದಿಟ್ಟುಕೊಂಡು ಹಿಂದಕ್ಕೆ ಸಾಗಿಸುತ್ತಾರೆ. ಆ ರಾತ್ರಿ ಅವಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಅವಳನ್ನು ತಡೆಯುವವಳು ಹಿರಿಯ ಮಗಳು. ಇದನ್ನು ಓದುವಾಗ ನನ್ನ ಕಣ್ಣಮುಂದೆ ಯಾವ ಮಸೀದಿಯೂ ಬರಲಿಲ್ಲ, ಯಾವ ದೇವಾಲಯವೂ ಬರಲಿಲ್ಲ. ತವರಿನ ಹೊಸ್ತಿಲಲ್ಲಿ ಚೀಲ ಹಿಡಿದು ನಿಂತು ಮರುದಿನವೇ ಬಸ್ಸು ಹತ್ತಿದ ಹೆಣ್ಣುಮಕ್ಕಳು ಬಂದರು. ಅವರು ಎಲ್ಲ ಓಣಿಗಳಲ್ಲಿಯೂ ಇದ್ದಾರೆ. ಒಂದೇ ಜಾತ್ರೆಯಲ್ಲಿ ಸಕ್ಕರೆ ಹಂಚಿಕೊಳ್ಳುವವರು ಒಬ್ಬರ ಅಡಿಗೆಮನೆಯ ದುಃಖವನ್ನು ಇನ್ನೊಬ್ಬರು ಅರಿಯದೆ ಬದುಕಿಬಿಡಬಹುದು. ಆ ಕತ್ತಲೆಗೆ ಈ ಕಥೆ ದೀಪ ಹಿಡಿಯುತ್ತದೆ. ಕೆಲವು ಕಥೆಗಳಲ್ಲಿ ಲೇಖಕಿಯ ಸಿಟ್ಟು ಪಾತ್ರಗಳಿಗಿಂತ ಮುಂದೆ ಓಡುತ್ತದೆಂದು ನನಗನ್ನಿಸಿತು. ಆದರೆ ‘ಎದೆಯ ಹಣತೆ’ಯಲ್ಲಿ ಒಂದು ಮಾತೂ ಹೆಚ್ಚಲ್ಲ.

ನಾಲ್ಕನೆಯದು ದೇವನೂರ ಮಹಾದೇವರ ‘ಕುಸುಮಬಾಲೆ’. 1988ರಲ್ಲಿ ಬಂದು 1990ರ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿಯ ಭಾಷೆ ನಂಜನಗೂಡಿನ ಕಡೆಯದು. ವೈದ್ಯರ ಪುಟಗಳಲ್ಲಿ ಸಲೀಸಾಗಿ ನಡೆಯುವ ಧಾರವಾಡದ ವಿದ್ಯಾರ್ಥಿ ಇಲ್ಲಿ ಹೆಜ್ಜೆಹೆಜ್ಜೆಗೂ ಎಡವುತ್ತಾನೆ; ಮೈಸೂರಿನವನು ವೈದ್ಯರಲ್ಲಿ ಎಡವುವಂತೆಯೇ. ಈ ಎಡವುವಿಕೆಯನ್ನು ನಾನು ಶಿಕ್ಷಣವೆಂದೇ ತಿಳಿಯುತ್ತೇನೆ. ಗಟ್ಟಿಯಾಗಿ ಓದಿದರೆ ಕಿವಿಗೆ ದಾರಿ ಸಿಕ್ಕುತ್ತದೆ. ನಡುರಾತ್ರಿಯಲ್ಲಿ ಮನೆಮನೆಯ ಜೋತಮ್ಮಗಳು ಒಂದೆಡೆ ನೆರೆದು ಮಾತಾಡುವ, ಮಂಚವೂ ಬಾಯಿ ತೆರೆಯುವ ಆ ಲೋಕದೊಳಗೆ ಒಮ್ಮೆ ಹೊಕ್ಕರೆ ಹೊರಬರುವುದೇ ಕಷ್ಟ. ಮೇಲುಜಾತಿಯ ಕುಸುಮಳನ್ನು ಒಲಿದ ದಲಿತ ತರುಣ ಚೆನ್ನನನ್ನು ಕೊಲ್ಲಲಾಗುತ್ತದೆ. ಅವನು ಮುಂಬಯಿಗೆ ಹೋದನೆಂಬ ಮಾತು ಊರಿನಲ್ಲಿ ಹಬ್ಬುತ್ತದೆ. ಊರು ತನ್ನ ಮಾನ ಕಾಯಲು ಕಟ್ಟಿಕೊಂಡ ಸುಳ್ಳನ್ನು ಮನುಷ್ಯರು ಬಿಡಿಸಲಾರರು. ಅದಕ್ಕೆ ದೀಪಗಳೇ ಮಾತಾಡಬೇಕಾಯಿತು. ನನ್ನ ಜಿಲ್ಲೆಯ ಒಂದು ಶಬ್ದವೂ ಇಲ್ಲದ ಈ ಪುಸ್ತಕ ನನ್ನ ಜಿಲ್ಲೆಯ ಊರುಗಳ ಬಗ್ಗೆ ಹೇಳುವುದು ಬಹಳವಿದೆ.

ಕೊನೆಗೆ ಪಂಪ. ಕ್ರಿ.ಶ. 941ರಲ್ಲಿ ಮುಗಿದ ‘ವಿಕ್ರಮಾರ್ಜುನ ವಿಜಯ’ವನ್ನು ಪಾಠಕ್ಕಾಗಿ ಅಲ್ಲ, ನನಗಾಗಿಯೇ ಮತ್ತೆ ಓದಿದೆ. ಅಣ್ಣಿಗೇರಿಯ ಜನಕ್ಕೆ ಪಂಪನೆಂದರೆ ಮನೆಯ ಮಗ. ಅವನ ತಾಯಿಯ ಕಡೆಯವರು ಬೆಳ್ವೊಲದ ಅಣ್ಣಿಗೇರಿಯವರು. ಆದರೆ ಈ ಸಂಗತಿಯನ್ನು ತಿಳಿಸುವ, ಅವನ ತಮ್ಮ ಜಿನವಲ್ಲಭನ ಶಾಸನವಿರುವುದು ಇಂದಿನ ತೆಲಂಗಾಣದ ಕುರಿಕ್ಯಾಲದಲ್ಲಿ. ಅದರಲ್ಲಿ ಸಂಸ್ಕೃತವೂ ಕನ್ನಡವೂ ತೆಲುಗೂ ಇವೆ. ತಂದೆಯ ಹಿರಿಯರು ವೆಂಗಿನಾಡಿನವರು. ಕುಲದಿಂದ ಬ್ರಾಹ್ಮಣರು, ಮತದಿಂದ ಜೈನರಾದವರು. ಆಶ್ರಯವಿತ್ತ ಅರಿಕೇಸರಿಯದು ವೇಮುಲವಾಡ. ನಮ್ಮ ಆದಿಕವಿಯ ‘ನಮ್ಮತನ’ ಇಷ್ಟು ನಾಡುಗಳಿಂದ, ಇಷ್ಟು ನುಡಿಗಳಿಂದ ಕೂಡಿ ಬಂದುದು. ಅವನ ಕರ್ಣನ ಸಂಕಟವೂ ಇದೇ ಪ್ರಶ್ನೆಯ ಸುತ್ತ ನಿಂತಿದೆ. ಗಂಗೆಯ ದಂಡೆಯಲ್ಲಿ ಹೆತ್ತ ತಾಯಿ ಬಂದು ನೀನು ನಮ್ಮವನೆನ್ನುತ್ತಾಳೆ. ಹುಟ್ಟಿನಿಂದ ಯಾರವನು, ಅನ್ನದ ಋಣದಿಂದ ಯಾರವನು ಎಂಬುದನ್ನು ಕರ್ಣ ತೂಗಿ ನೋಡುತ್ತಾನೆ, ನಂಬಿದವನನ್ನು ಬಿಡುವುದಿಲ್ಲ. ಸಾವಿರ ವರ್ಷಗಳ ಮೇಲೂ ಆ ಪ್ರಸಂಗದಲ್ಲಿ ನನ್ನ ಗಂಟಲು ಕಟ್ಟುತ್ತದೆ.

ಈ ಐದು ಪುಸ್ತಕಗಳನ್ನು ಒಟ್ಟಿಗೆ ಇಟ್ಟುಕೊಂಡು ನಾನು ಮುಟ್ಟುವ ನಿರ್ಣಯ ಇಷ್ಟು. ನಮ್ಮನ್ನು ಹೋಲುವ ಪುಸ್ತಕ ನಮ್ಮದೆಂಬ ಎಣಿಕೆ ಸಾಲದು. ಯಾವ ಪುಸ್ತಕ ನಮ್ಮ ಪಕ್ಕದವರನ್ನು ನಮಗೆ ಕಾಣಿಸುತ್ತದೆಯೋ ಅದೂ ನಮ್ಮದು; ಪ್ರಾಯಶಃ ಅದೇ ಹೆಚ್ಚು ನಮ್ಮದು.

ಇದು ಬರಿಯ ರಸಚರ್ಚೆಯಲ್ಲ. ಮಹದಾಯಿ ನ್ಯಾಯಮಂಡಳಿ 7.56 ಟಿ.ಎಂ.ಸಿ. ನೀರಿಗಾಗಿ ಕರ್ನಾಟಕ ಸಲ್ಲಿಸಿದ್ದ ಮಧ್ಯಂತರ ಅರ್ಜಿಯನ್ನು 2016ರ ಜುಲೈ 27ರಂದು ತಳ್ಳಿಹಾಕಿದಾಗ ನವಲಗುಂದ ಭಾಗದಲ್ಲಿ ಚಳವಳಿ ಸಿಡಿಯಿತು. ಅದರ ಬೆನ್ನಲ್ಲೇ ಯಮನೂರಿನಲ್ಲಿ ಲಾಠಿ ಬೀಸಿತು. ಹೆಂಗಸರೂ ಮುದುಕರೂ ಪೆಟ್ಟು ತಿಂದರು. ಆಮೇಲೆ ಕೆಲವು ಪೊಲೀಸರು ಅಮಾನತ್ತಾದರು. ಕೆಲವು ದಿನ ಈ ಊರಿನ ಹೆಸರು ನಾಡಿನ ಎಲ್ಲ ಪತ್ರಿಕೆಗಳಲ್ಲಿಯೂ ಇತ್ತು, ಆಮೇಲೆ ಇರಲಿಲ್ಲ. ನಾನು ಓದಿದ ಈ ಐದರಲ್ಲಿ ಆ ಮನೆಗಳ ಕಥೆಯಿಲ್ಲ. ಅದು ಬರೆಯಲ್ಪಟ್ಟಾಗ ಹಾಸನದ, ನಂಜನಗೂಡಿನ, ಬೆಂಗಳೂರಿನ ವಾಚಕರು ಅದನ್ನು ‘ಧಾರವಾಡದ ಕಡೆಯದು’ ಎಂದು ಬದಿಗಿಡಬಾರದೆಂದು ನಾವು ಬಯಸುತ್ತೇವೆ. ಹಾಗೆ ಬಯಸುವ ಅಧಿಕಾರ ಬರಬೇಕಾದರೆ ಅವರ ಕಥೆಗಳನ್ನು ನಾವು ಮೊದಲು ಓದಿರಬೇಕು. ಓದಿಸಿಕೊಳ್ಳುವ ಹಕ್ಕು ಓದುವ ಹೊಣೆಯಿಂದಲೇ ಹುಟ್ಟುತ್ತದೆ.

ಇದಕ್ಕೆ ದೊಡ್ಡ ಯೋಜನೆ ಬೇಡ. ಗ್ರಾಮಪಂಚಾಯಿತಿಗಳ ಗ್ರಂಥಾಲಯಗಳು ಊರೂರಲ್ಲಿವೆ. 1965ರ ಗ್ರಂಥಾಲಯ ಅಧಿನಿಯಮದ ದೆಸೆಯಿಂದ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರ ಸಲ್ಲುತ್ತದೆ. ಅದನ್ನು ಕೊಡುವವರಲ್ಲಿ ಎಲ್ಲ ಓಣಿಯವರೂ ಇದ್ದಾರೆ. ಆದುದರಿಂದ ಆ ಕಪಾಟು ನಿಜವಾಗಿಯೂ ಎಲ್ಲರದು. ಅಲ್ಲಿ ಸ್ಪರ್ಧಾಪರೀಕ್ಷೆಯ ಪುಸ್ತಕಗಳು ಇರಲಿ. ಅವು ನಮ್ಮ ತರುಣರಿಗೆ ಬೇಕು. ಅವುಗಳ ಸಂಗಡ ವೈದ್ಯರ ಕಾದಂಬರಿಯ ಮಗ್ಗುಲಲ್ಲಿ ಬಾನು ಅವರ ಕಥೆಗಳೂ, ಅವುಗಳ ಮಗ್ಗುಲಲ್ಲಿ ‘ಕುಸುಮಬಾಲೆ’ಯೂ ಇರಲಿ. ಕನ್ನಡ ಕಲಿಸುವ ನನ್ನಂಥವರು ವರ್ಷಕ್ಕೊಮ್ಮೆಯಾದರೂ ಪಠ್ಯದ ಹೊರಗಿನ ಎರಡು ಪುಸ್ತಕಗಳನ್ನು ಜೊತೆಮಾಡಿ ವಿದ್ಯಾರ್ಥಿಗಳಿಂದ ಗಟ್ಟಿಯಾಗಿ ಓದಿಸಲಿ: ಒಂದು ಊರಿನದು, ಒಂದು ಪರವೂರಿನದು. ಯಾವುದು ತಮ್ಮದೆಂದು ಅವರೇ ಹೇಳಲಿ. ಅವರ ಉತ್ತರ ನಮ್ಮ ಉತ್ತರಕ್ಕಿಂತ ದೊಡ್ಡದಾಗಿರುವುದೆಂಬ ಭರವಸೆ ನನಗಿದೆ.