ಮಕ್ಕಳ ರಕ್ಷಣಾ ಕ್ಷೇತ್ರದ ಸಮಾಜ ಕಾರ್ಯಕರ್ತರ ಮಾನಸಿಕ ಬಳಲಿಕೆ ತಡೆಗೆ ಸಾವಧಾನತೆಯ ಅಭ್ಯಾಸ ಮತ್ತು ವೃತ್ತಿ ಮಾರ್ಗದರ್ಶನ ಕೋರಿ ಮನವಿ ಪತ್ರ

ಸ್ಥಳ: ಬೆಂಗಳೂರು
ದಿನಾಂಕ: 10-10-2024

ಗೆ,
ಸರ್ಕಾರದ ಕಾರ್ಯದರ್ಶಿಗಳು,
ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಇಂದ,
ರಾಜ್ಯದ ವಿವಿಧ ಜಿಲ್ಲೆಗಳಲ್ಲಿ ಮಕ್ಕಳ ರಕ್ಷಣಾ ಕೆಲಸದಲ್ಲಿರುವ ಸಮಾಜ ಕಾರ್ಯಕರ್ತರು, ಆಪ್ತ ಸಮಾಲೋಚಕರು ಮತ್ತು ಕ್ಷೇತ್ರ ಕಾರ್ಯಕರ್ತರು.

ವಿಷಯ: ಮೇಲ್ಕಂಡ ಸಿಬ್ಬಂದಿಗೆ ಕರ್ತವ್ಯದ ಅವಧಿಯಲ್ಲೇ ಸಾವಧಾನತೆಯ ತರಬೇತಿ, ಗೋಪ್ಯ ವೃತ್ತಿ ಮಾರ್ಗದರ್ಶನ ಹಾಗೂ ವಿರಾಮದ ವ್ಯವಸ್ಥೆ ಕಲ್ಪಿಸುವ ಕುರಿತು.

ಮಾನ್ಯರೇ,

ಇಂದು ವಿಶ್ವ ಮಾನಸಿಕ ಆರೋಗ್ಯ ದಿನ. ಈ ವರ್ಷದ ವಿಷಯ, ದುಡಿಯುವ ಸ್ಥಳದಲ್ಲಿ ಮಾನಸಿಕ ಆರೋಗ್ಯ. ನಾವು ದುಡಿಯುವ ಸ್ಥಳಕ್ಕೆ ಗೋಡೆಗಳಿಲ್ಲ. ಪೊಲೀಸ್ ಠಾಣೆಯ ಬೆಂಚು, ಆಸ್ಪತ್ರೆಯ ಪಡಸಾಲೆ, ನ್ಯಾಯಾಲಯದ ಜಗಲಿ, ಬಸ್ ನಿಲ್ದಾಣ, ಬಾಲ್ಯವಿವಾಹ ನಿಲ್ಲಿಸಲು ಹೋದ ಮದುವೆ ಚಪ್ಪರ, ಇವೇ ನಮ್ಮ ಕಚೇರಿ. ಅಲ್ಲಿ ಕಂಡದ್ದನ್ನು ಸಂಜೆ ಬೀಗ ಹಾಕಿ ಬಿಟ್ಟು ಬರಲು ಆಗುವುದಿಲ್ಲ. ಅದಕ್ಕಾಗಿಯೇ ಈ ಮನವಿ.

ನಮ್ಮಲ್ಲೊಬ್ಬರ ಒಂದು ರಾತ್ರಿಯನ್ನು ತಮ್ಮ ಮುಂದಿಡುತ್ತೇವೆ. ಮಗುವಿನ ಗುರುತು ಸಿಗದಂತೆ ಊರು, ದಿನ, ವಯಸ್ಸು ಬಿಟ್ಟಿದ್ದೇವೆ. ಪೋಕ್ಸೊ ಪ್ರಕರಣದ ಬಾಲಕಿಯೊಬ್ಬಳನ್ನು ವೈದ್ಯಕೀಯ ಪರೀಕ್ಷೆಗೆ ಕರೆತಂದಾಗ ರಾತ್ರಿ ಹನ್ನೊಂದು, ಮುಗಿದಾಗ ಎರಡೂವರೆ. ಅಷ್ಟು ಹೊತ್ತೂ ಹುಡುಗಿ ನಮ್ಮ ಸಹೋದ್ಯೋಗಿಯ ವೇಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು. ಬಾಯಿಬಿಟ್ಟು ಕೇಳಿದ್ದು ಒಂದೇ ಮಾತು: "ಅಕ್ಕಾ, ಅಪ್ಪನಿಗೆ ಹೇಳ್ತೀರಾ?" ಅವಳನ್ನು ಬಾಲಮಂದಿರಕ್ಕೆ ಸೇರಿಸಿ, ಕಾಗದಪತ್ರ ಮುಗಿಸಿ ಮನೆ ಮುಟ್ಟುವಾಗ ಹಾಲಿನವನು ಬಂದಾಗಿತ್ತು. ಎಂಟು ಗಂಟೆಗೆ ಸ್ವಂತ ಮಗಳಿಗೆ ಜಡೆ ಹಾಕಲು ಕೂತರೆ ಕೈ ಓಡಲಿಲ್ಲ. ಮಗಳು ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡಿದ್ದಳು. ಏನಾಯಿತೆಂದು ಗಂಡ ಕೇಳಿದರೆ "ಏನಿಲ್ಲ, ನಿದ್ದೆಗೆಟ್ಟಿದೆ ಅಷ್ಟೇ" ಅಂದರು. ಹತ್ತೂವರೆಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾದರು.

"ಏನಿಲ್ಲ" ಅನ್ನದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಬಾಲ ನ್ಯಾಯ ಕಾಯ್ದೆ 2015ರ 74ನೇ ಕಲಂ ಮಗುವಿನ ಗುರುತು ಬಯಲಾಗುವುದನ್ನು ನಿಷೇಧಿಸುತ್ತದೆ. ಮಗುವಿನ ಖಾಸಗಿತನ ಮತ್ತು ಗೋಪ್ಯತೆಯನ್ನು ಅದೇ ಕಾಯ್ದೆಯ 3ನೇ ಕಲಂ ಮೂಲತತ್ವಗಳಲ್ಲಿ ಸೇರಿಸಿದೆ. ಈ ಕಟ್ಟುಪಾಡು ಇರಲೇಬೇಕು, ಅದರ ಒಂದಕ್ಷರವೂ ಸಡಿಲವಾಗಬಾರದು. ಆದರೆ ಬಾಯಿ ಮುಚ್ಚಿಕೊಳ್ಳಬೇಕಾದ ಜಾಗಗಳನ್ನು ಕಾನೂನು ತಿಳಿಸಿದೆಯೇ ಹೊರತು, ಬಾಯಿ ಬಿಡಬಹುದಾದ ಜಾಗವೊಂದನ್ನು ನಮಗೆ ಯಾರೂ ಕಟ್ಟಿಕೊಟ್ಟಿಲ್ಲ. ಮನೆಯಲ್ಲಿ ಹೇಳುವಂತಿಲ್ಲ, ಗೆಳತಿಗೆ ಹೇಳುವಂತಿಲ್ಲ. ಮೇಲಧಿಕಾರಿಗೆ ಹೇಳಿದರೆ "ಇವರಿಂದ ಕೆಲಸ ಆಗುವುದಿಲ್ಲ" ಎಂದುಕೊಂಡಾರು ಎಂಬ ಭಯ. ನಮ್ಮಲ್ಲಿ ಬಹುಪಾಲು ಜನ ಗುತ್ತಿಗೆಯವರು. ಗುತ್ತಿಗೆ ನವೀಕರಣವಾಗಬೇಕಾದವರು "ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ" ಎಂದು ಬರೆದುಕೊಡುತ್ತಾರೆಯೇ?

ಈ ಸ್ಥಿತಿಗೆ ಇಂಗ್ಲಿಷಿನಲ್ಲಿ ಬರ್ನ್‌ಔಟ್ ಅನ್ನುತ್ತಾರೆ, ನಮ್ಮ ನಡುವೆ "ಬತ್ತಿ ಹೋಗಿದ್ದೀನಿ" ಅನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೇ ಪರಿಷ್ಕರಣೆ ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಗುರುತಿಸಿದೆ. ಸರಿಯಾಗಿ ನಿಭಾಯಿಸದೆ ಬಿಟ್ಟ, ದೀರ್ಘಕಾಲದ ಕೆಲಸದ ಒತ್ತಡವೇ ಇದರ ಮೂಲ. ಲಕ್ಷಣ ಮೂರು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದು ಏನೂ ಫಲಿಸುತ್ತಿಲ್ಲ ಅನ್ನಿಸುವುದು. ಮೊದಲನೆಯದನ್ನೂ ಮೂರನೆಯದನ್ನೂ ನಾವು ಹಲ್ಲುಕಚ್ಚಿ ಸಹಿಸಬಹುದು. ನಮ್ಮನ್ನು ಹೆದರಿಸುವುದು ಎರಡನೆಯದು, ಏಕೆಂದರೆ ಅದರ ಪೆಟ್ಟು ಬೀಳುವುದು ಮಗುವಿನ ಮೇಲೆ.

ಹತ್ತು ವರ್ಷದಿಂದ ಈ ಕೆಲಸದಲ್ಲಿರುವ ಹಿರಿಯರೊಬ್ಬರು ಒಂದು ಸಂಜೆ ತಾವೇ ಬರೆದ ಮೂರು ಸಾಮಾಜಿಕ ತನಿಖಾ ವರದಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನಮಗೆ ತೋರಿಸಿದರು. ಮೂರು ಬೇರೆ ಬೇರೆ ಮಕ್ಕಳು. ಮೂರರಲ್ಲೂ ಒಂದೇ ಸಾಲು: "ಮಗುವು ಸಾಮಾನ್ಯವಾಗಿದ್ದು, ವಿಶೇಷವೇನೂ ಕಂಡುಬಂದಿರುವುದಿಲ್ಲ." ಆ ಪೈಕಿ ಒಂದು ಮಗು ಊಟದ ತಟ್ಟೆಯಿಂದ ಚಪಾತಿ ತೆಗೆದು ದಿಂಬಿನಡಿ ಬಚ್ಚಿಡುತ್ತಿತ್ತು. ಅದನ್ನು ಆಮೇಲೆ ಕಂಡು ಹೇಳಿದವರು ಬಾಲಮಂದಿರದ ಗೃಹಮಾತೆ. "ನಾನು ಆ ಮಗುವಿನ ಎದುರು ಮುಕ್ಕಾಲು ಗಂಟೆ ಕೂತಿದ್ದೆ, ನೋಡಿರಲಿಲ್ಲ" ಎಂದರು ಆ ಹಿರಿಯರು. ಅವರು ಸೋಮಾರಿಯಲ್ಲ. ನಮ್ಮಲ್ಲಿ ಹಲವರು ಕೆಲಸ ಕಲಿತದ್ದೇ ಅವರ ಕೈಯಲ್ಲಿ. ಅವರ ನೋಟ ದಣಿದಿತ್ತು.

ಹೊರೆಯ ಮಾತನ್ನು ಹೆಚ್ಚು ಬೆಳೆಸುವುದಿಲ್ಲ, ಕಡತಗಳೇ ಹೇಳುತ್ತವೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯ ಮಾದರಿಯಂತೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಇಬ್ಬರು ಸಮಾಜ ಕಾರ್ಯಕರ್ತರು, ಇಬ್ಬರು ಕ್ಷೇತ್ರ ಕಾರ್ಯಕರ್ತರು, ಒಬ್ಬ ಆಪ್ತ ಸಮಾಲೋಚಕರು. ರಕ್ಷಣೆ ಬೇಕಾದ ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು, ಸಾಮಾಜಿಕ ತನಿಖೆ 15 ದಿನದೊಳಗೆ ಮುಗಿಯಬೇಕು. ಈ ಗಡುವುಗಳು ಮಗುವಿಗೆ ಬೇಕಾದವು, ಅವನ್ನು ಬದಲಿಸಿ ಎಂದು ನಾವು ಕೇಳುತ್ತಿಲ್ಲ.

ನಾವು ಕೇಳುತ್ತಿರುವುದರಲ್ಲಿ ಮೊದಲನೆಯದು ಸಾವಧಾನತೆಯ ಅಭ್ಯಾಸ. ಬೌದ್ಧ ಧ್ಯಾನ ಪರಂಪರೆಯಲ್ಲಿ ಬೇರಿರುವ ಈ ಅಭ್ಯಾಸಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಯಾವ ಮತಕ್ಕೂ ಅಂಟದ ತರಬೇತಿಯ ರೂಪ ಕೊಟ್ಟರು. ಅದು ಎಂಟು ವಾರಗಳ ಕ್ರಮವಾಗಿ ಜಗತ್ತಿನ ಅನೇಕ ಆಸ್ಪತ್ರೆಗಳಿಗೆ ಹಬ್ಬಿತು. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸಮಾಜ ಕಾರ್ಯಕರ್ತರಿಗೆಂದೇ ಇಂಥದೊಂದು ಕ್ರಮ ರೂಪಿಸಿ ಪರೀಕ್ಷೆಗೆ ಒಡ್ಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಕೆಲಸದ ಸ್ಥಳದ ಮಾನಸಿಕ ಆರೋಗ್ಯ ಮಾರ್ಗಸೂಚಿ, ಒತ್ತಡ ನಿಭಾಯಿಸುವ ಕೌಶಲಕ್ಕಾಗಿ ಇಂಥ ತರಬೇತಿಯನ್ನು ಪರಿಗಣಿಸಬಹುದು ಎನ್ನುತ್ತದೆ. ಕೆಲಸದ ಪರಿಸ್ಥಿತಿಯನ್ನೇ ಸುಧಾರಿಸುವ ಕ್ರಮಗಳನ್ನೂ ಅದೇ ಮಾರ್ಗಸೂಚಿ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಓದಬೇಕೆಂದು ವಿನಂತಿ.

ಅಭ್ಯಾಸ ಹೇಗಿರುತ್ತದೆ ಎಂಬುದಕ್ಕೆ ದೊಡ್ಡ ವಿವರಣೆ ಬೇಡ. ಇದನ್ನು ಸ್ವಂತ ಖರ್ಚಿನಲ್ಲಿ ಕಲಿತ ಆಪ್ತ ಸಮಾಲೋಚಕಿಯೊಬ್ಬರು ನಮ್ಮಲ್ಲಿದ್ದಾರೆ. ಮಗುವಿರುವ ಕೋಣೆಯ ಚಿಲಕಕ್ಕೆ ಕೈ ಹಾಕಿ ಅವರು ಒಂದು ಕ್ಷಣ ನಿಲ್ಲುತ್ತಾರೆ. ಪಾದ ನೆಲಕ್ಕೆ ತಾಗಿದ್ದು, ಚಿಲಕದ ತಣ್ಣನೆ, ಮೂರು ಉಸಿರು. ಹಿಂದಿನ ಮಗುವಿನ ಮಾತು ತಲೆಯಲ್ಲಿ ಇನ್ನೂ ಓಡುತ್ತಿದೆಯೇ ಎಂದು ನೋಡಿಕೊಳ್ಳುತ್ತಾರೆ. ಓಡುತ್ತಿದ್ದರೆ "ಓಡುತ್ತಿದೆ" ಎಂದು ಒಪ್ಪಿಕೊಂಡು ಆಮೇಲೆ ಬಾಗಿಲು ತೆಗೆಯುತ್ತಾರೆ. ಅರ್ಧ ನಿಮಿಷದ ಕೆಲಸ. ಆದರೆ ಅದು ಕೈಗೂಡಲು ತಮಗೆ ತಿಂಗಳುಗಳೇ ಹಿಡಿದವು ಎನ್ನುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಣ್ಣು ಮುಚ್ಚಿ ಕೂತ ಕೂಡಲೇ ಎಲ್ಲರಿಗೂ ನೆಮ್ಮದಿ ಸಿಗುವುದಿಲ್ಲ. ನೋಡಬಾರದ್ದನ್ನು ನೋಡಿದವರಿಗೆ ಅದೇ ದೃಶ್ಯ ಕಣ್ಣೊಳಗೆ ತಿರುಗಿ ಬರಬಹುದು. ಆದ್ದರಿಂದ ಇದನ್ನು ಕಲಿಸುವವರು ಆಘಾತದ ಪರಿಣಾಮ ಬಲ್ಲವರಾಗಿರಬೇಕು. ಬೇಡವೆಂದವರನ್ನು ಒತ್ತಾಯಿಸಬಾರದು.

ಎರಡನೆಯದು ವೃತ್ತಿ ಮಾರ್ಗದರ್ಶನ, ಅಂದರೆ ಕೋಚಿಂಗ್. ಕೋಚಿಂಗ್ ಎಂದೊಡನೆ ನಮ್ಮಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ತರಗತಿ ನೆನಪಾಗುತ್ತದೆ. ನಾವು ಹೇಳುತ್ತಿರುವುದು ಬೇರೆ. ಈ ಕೆಲಸ ಬಲ್ಲ, ನಮ್ಮ ಮೇಲೆ ಅಧಿಕಾರವಿಲ್ಲದ ವ್ಯಕ್ತಿಯೊಬ್ಬರ ಜೊತೆ ನಿಯಮಿತವಾಗಿ ಕೂತು, ಯಾವ ಪ್ರಕರಣ ಎಲ್ಲಿ ಸಿಕ್ಕಿಕೊಂಡಿದೆ, ನಾನೆಲ್ಲಿ ಸಿಕ್ಕಿಕೊಂಡಿದ್ದೇನೆ, ಮುಂದಿನ ಹೆಜ್ಜೆ ಯಾವುದು ಎಂದು ಬಿಡಿಸಿ ನೋಡುವುದು. ಅವರು ಉತ್ತರ ಹೇಳಿಕೊಡುವುದಿಲ್ಲ, ಸರಿಯಾದ ಪ್ರಶ್ನೆ ಕೇಳಿ ನಮ್ಮಿಂದಲೇ ಹೊರಡಿಸುತ್ತಾರೆ. ಚಪಾತಿ ಬಚ್ಚಿಟ್ಟ ಮಗುವಿನ ವರದಿ ಬರೆದವರನ್ನು "ಅವನು ಊಟಕ್ಕೆ ಕೂತಾಗ ನೋಡಿದ್ದಿರಾ?" ಎಂದು ಕೇಳುವವರು ಒಬ್ಬರು ಇದ್ದಿದ್ದರೆ ಸಾಕಿತ್ತು.

ಇಂಥ ತರಬೇತಿ ಈಗಾಗಲೇ ನಡೆದಿದೆಯಲ್ಲ ಎಂಬ ಉತ್ತರ ಬರಬಹುದು. ಒಂದು ಜಿಲ್ಲೆಯಲ್ಲಿ ನಡೆದದ್ದನ್ನು ಹೇಳುತ್ತೇವೆ. ಭಾನುವಾರ ಬೆಳಿಗ್ಗೆ ಸಭಾಂಗಣವೊಂದರಲ್ಲಿ "ಒತ್ತಡ ನಿರ್ವಹಣೆ" ಕಾರ್ಯಾಗಾರ. ಆ ತಿಂಗಳ ಏಕೈಕ ಬಿಡುವಿನ ದಿನ ಅದಕ್ಕೇ ಹೋಯಿತು. ಎಲ್ಲರೂ ಕಣ್ಣು ಮುಚ್ಚಿ ಕೂತ ಹತ್ತನೇ ನಿಮಿಷಕ್ಕೆ ಮಕ್ಕಳ ಸಹಾಯವಾಣಿ 1098ರ ಕರೆ ಬಂತು. ಇಬ್ಬರು ಚಪ್ಪಲಿ ಹುಡುಕಿಕೊಂಡು ಎದ್ದು ಹೋದರು. ಉಳಿದವರ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲಾಯಿತು. ಸಂಪನ್ಮೂಲ ವ್ಯಕ್ತಿಯದು ತಪ್ಪಿರಲಿಲ್ಲ, ಅವರು ಶ್ರದ್ಧೆಯಿಂದಲೇ ಹೇಳಿಕೊಟ್ಟರು. ಆದರೆ ದಣಿದವರ ವಿಶ್ರಾಂತಿಯನ್ನು ಕಿತ್ತುಕೊಂಡು ವಿಶ್ರಾಂತಿ ಕಲಿಸಲು ಬರುವುದಿಲ್ಲ.

ಆದುದರಿಂದ ಈ ಕೆಳಗಿನ ಬೇಡಿಕೆಗಳನ್ನು ತಮ್ಮ ಮುಂದೆ ಇಡುತ್ತಿದ್ದೇವೆ.

ಒಂದು: ಎಂಟು ವಾರಗಳ ಸಾವಧಾನತೆಯ ತರಬೇತಿಯನ್ನು, ವಾರಕ್ಕೆ ಎರಡು ಗಂಟೆಯಂತೆ, ಕರ್ತವ್ಯದ ವೇಳೆಯಲ್ಲೇ ನೀಡಬೇಕು. ಆ ಎರಡು ಗಂಟೆ ಕರೆ ಸ್ವೀಕರಿಸಲು ಬದಲಿ ಸಿಬ್ಬಂದಿಯ ಹೆಸರನ್ನು ಲಿಖಿತವಾಗಿ ಗೊತ್ತುಪಡಿಸಬೇಕು. ಭಾಗವಹಿಸುವುದು ಐಚ್ಛಿಕವಾಗಿರಬೇಕು, ಯಾವ ಧಾರ್ಮಿಕ ಆಚರಣೆಯೂ ಸೇರಬಾರದು. ಎಂಟು ವಾರ ಮುಗಿದ ಮೇಲೆ ತಿಂಗಳಿಗೊಮ್ಮೆ ಕೂಡುವ ವ್ಯವಸ್ಥೆ ಇರಬೇಕು. ಇಲ್ಲದಿದ್ದರೆ ಕಲಿತದ್ದು ಕೈಬಿಟ್ಟು ಹೋಗುತ್ತದೆ.

ಎರಡು: ಹದಿನೈದು ದಿನಕ್ಕೊಮ್ಮೆ ಒಂದು ಗಂಟೆಯ ವೈಯಕ್ತಿಕ ಮಾರ್ಗದರ್ಶನ. ಮಾರ್ಗದರ್ಶಕರು ಜಿಲ್ಲಾ ಘಟಕದ ಹೊರಗಿನವರಾಗಿರಬೇಕು. ಅವರೂ ಮಗುವಿನ ಗೋಪ್ಯತೆಗೆ ಲಿಖಿತವಾಗಿ ಬದ್ಧರಾಗಿರಬೇಕು ಮತ್ತು ಮಾತುಕತೆ ಮಗುವಿನ ಹೆಸರು, ಊರು ಹೇಳದೆ ನಡೆಯಬೇಕು. ಅಲ್ಲಿ ಆಡಿದ ಮಾತು ಕಾರ್ಯಕ್ಷಮತೆಯ ವರದಿಗಾಗಲಿ ಗುತ್ತಿಗೆ ನವೀಕರಣದ ಟಿಪ್ಪಣಿಗಾಗಲಿ ಬರಕೂಡದು ಎಂದು ಸುತ್ತೋಲೆ ಹೊರಡಿಸಬೇಕು. ಉಳಿದ ಬೇಡಿಕೆಗಳಲ್ಲಿ ಹಿಂದುಮುಂದಾದರೂ ನಾವು ತಾಳಿಕೊಳ್ಳಬಹುದು. ಈ ಸುತ್ತೋಲೆಯಿಲ್ಲದೆ ಮಾತ್ರ ಯಾರೂ ಬಾಯಿಬಿಡುವುದಿಲ್ಲ, ಇಡೀ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ಮೂರು: ಮಧ್ಯರಾತ್ರಿ ದಾಟಿ ಕರ್ತವ್ಯದಲ್ಲಿದ್ದವರಿಗೆ ಮರುದಿನ ವೇತನಸಹಿತ ವಿರಾಮ.

ನಾಲ್ಕು: ಖಾಲಿ ಹುದ್ದೆಗಳ ಭರ್ತಿ, ಹಾಗೂ ಜಿಲ್ಲೆಯ ವಿಸ್ತಾರ ಮತ್ತು ಪ್ರಕರಣಗಳ ಸಂಖ್ಯೆಗೆ ತಕ್ಕಂತೆ ಹೆಚ್ಚುವರಿ ಸಿಬ್ಬಂದಿ. ಧ್ಯಾನ ಎಷ್ಟೇ ಮಾಡಿದರೂ ಇಬ್ಬರ ಕೆಲಸ ಒಬ್ಬರಿಂದ ಆಗುವುದಿಲ್ಲ. ಈ ಬೇಡಿಕೆಯನ್ನು ಬದಿಗಿಟ್ಟು ಮೊದಲ ಎರಡನ್ನು ಮಾತ್ರ ಒಪ್ಪಿದರೆ, ಹೊರೆ ಇಳಿಸದೆ ಬೆನ್ನಿಗೆ ಎಣ್ಣೆ ತಿಕ್ಕಿದಂತಾಗುತ್ತದೆ.

ಐದು: ಬಾಲಮಂದಿರದ ಗೃಹಮಾತೆಯರು, ಅಡುಗೆಯವರು, ರಾತ್ರಿ ಕಾವಲಿನವರು ಇವರನ್ನೂ ಸೇರಿಸಬೇಕು. ರಾತ್ರಿ ಬೆಚ್ಚಿ ಎದ್ದ ಮಗುವಿನ ಬಳಿ ಮೊದಲು ಹೋಗುವವರು ಅವರೇ.

ಆರು: ಇದನ್ನೆಲ್ಲ ಒಮ್ಮೆಗೇ 31 ಜಿಲ್ಲೆಗಳಲ್ಲಿ ಮಾಡಿ ಎನ್ನುತ್ತಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಅದೇ ದಾರಿಯಲ್ಲಿ, ಕಲ್ಯಾಣ ಕರ್ನಾಟಕದ ಒಂದು ಜಿಲ್ಲೆ ಸೇರಿದಂತೆ ನಾಲ್ಕು ಜಿಲ್ಲೆಗಳಲ್ಲಿ ಒಂದು ವರ್ಷ ನಡೆಸಿ ನೋಡಬಹುದು. ಮಕ್ಕಳ ರಕ್ಷಣಾ ಸಿಬ್ಬಂದಿಗೆ ತರಬೇತಿ ನೀಡುವ ‘ಸಂವಾದ್’ ಘಟಕ ನಿಮ್ಹಾನ್ಸ್‌ನಲ್ಲೇ ಇದೆ, ಅದರ ನೆರವು ಪಡೆಯಬಹುದು. ಬಳಲಿಕೆ ಅಳೆಯಲು ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಿದೆ. ಮೊದಲೂ ಕೊನೆಗೂ ಅದರಲ್ಲಿ ಅಳೆದು, ಹೆಸರಿಲ್ಲದೆ ಫಲಿತಾಂಶ ಪ್ರಕಟಿಸಬೇಕು. ಫಲ ಕಾಣದಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು.

ಏಳು: ಇದರ ವೆಚ್ಚವನ್ನು ಮಕ್ಕಳ ಊಟ, ಬಟ್ಟೆ, ಪ್ರಾಯೋಜಕತ್ವದ ಹಣದಿಂದ ಕಡಿತ ಮಾಡಬಾರದು.

ತುರ್ತು ಸ್ಥಿತಿಯಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬಹುದೆಂದು ನಮಗೆ ಗೊತ್ತಿದೆ. ಮಕ್ಕಳ ಪೋಷಕರಿಗೆ ಆ ಸಂಖ್ಯೆ ಕೊಡುವವರೇ ನಾವು. ಆದರೆ ಅದು ಬೆಂಕಿ ಬಿದ್ದಾಗ ಕರೆಯುವ ಸಂಖ್ಯೆ. ಈ ಮನವಿಯಲ್ಲಿ ಕೇಳಿರುವುದು ಬೆಂಕಿ ಬೀಳದಂತೆ ನೋಡಿಕೊಳ್ಳುವ ವ್ಯವಸ್ಥೆಯನ್ನು.

ಈ ಬಗ್ಗೆ ಚರ್ಚಿಸಲು ನಮ್ಮ ಪ್ರತಿನಿಧಿಗಳಿಗೆ ಸಮಯ ನೀಡಬೇಕೆಂದು ಕೋರುತ್ತೇವೆ. ದಿನವನ್ನು ದಯವಿಟ್ಟು ಒಂದು ವಾರ ಮುಂಚಿತವಾಗಿ ತಿಳಿಸಿ. ಅಂದು ಬರುವ ಕರೆಗಳನ್ನು ಯಾರು ನೋಡಿಕೊಳ್ಳಬೇಕೆಂದು ಪಾಳಿ ಹಾಕಿಕೊಂಡು ಬರಬೇಕಾಗುತ್ತದೆ.



ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ಮಕ್ಕಳ ರಕ್ಷಣಾ ಸಿಬ್ಬಂದಿ
(ಸಹಿಗಳ ಪಟ್ಟಿ ಲಗತ್ತಿಸಿದೆ)

ಪ್ರತಿ: ಅಧ್ಯಕ್ಷರು, ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಬೆಂಗಳೂರು, ಇವರ ಅವಗಾಹನೆಗಾಗಿ.