ಹೆಸರಿಲ್ಲದವರ ಮಾತು, ಮನೆಯವರ ಮಾತು



ಟ್ವಿಟರಿನಲ್ಲಿ (2023ರಿಂದ ಅದಕ್ಕೆ ಎಕ್ಸ್ ಎಂದು ಹೆಸರು) ಜಪಾನೀಯರು ಬಹುಮಟ್ಟಿಗೆ ತಮ್ಮ ನಿಜನಾಮವನ್ನು ಬಳಸುವುದಿಲ್ಲ. ಹೆಸರಿನ ಸ್ಥಾನದಲ್ಲಿ ಒಂದು ಕಲ್ಪಿತನಾಮ, ಮುಖದ ಸ್ಥಾನದಲ್ಲಿ ಬೆಕ್ಕಿನದೋ ಹೂವಿನದೋ ಚಿತ್ರ. ಮನೆಯವರೊಡನೆ ಮಾತನಾಡಲು 2011ರ ಭೂಕಂಪದ ತರುವಾಯ ಆರಂಭವಾದ ಲೈನ್ ಎಂಬ ಬೇರೊಂದು ಸಾಧನವುಂಟು. ನಮ್ಮಲ್ಲಾದರೋ ವಾಟ್ಸಾಪ್ ಒಂದೇ ಪಡಸಾಲೆಯೂ ಹೌದು, ಸಂತೆಯೂ ಹೌದು. ಶುಭೋದಯ, ಮೊಮ್ಮಗನ ಜವಳ, ತೊಗರಿಯ ಧಾರಣೆ, ಗಾಳಿಸುದ್ದಿ ಎಲ್ಲವೂ ಕಾಕಾ, ಸೋದರಮಾವಂದಿರ ಹೆಸರಿನಲ್ಲಿಯೇ ಬರುತ್ತವೆ.

2016ರ ಏಪ್ರಿಲಿನಲ್ಲಿ ಜಪಾನಿನ ಕುಮಾಮೊಟೊ ನಗರದಲ್ಲಿ ಭೂಮಿ ನಡುಗಿದಾಗ, ಮೃಗಾಲಯದಿಂದ ಸಿಂಹವು ತಪ್ಪಿಸಿಕೊಂಡಿದೆಯೆಂದು ಒಬ್ಬಾತ ಟ್ವಿಟರಿನಲ್ಲಿ ಸುಳ್ಳು ಚಿತ್ರವನ್ನು ಹಾಕಿದನು. ಜನರು ನಂಬಿದರು, ಮೃಗಾಲಯಕ್ಕೆ ದೂರವಾಣಿ ಕರೆಗಳು ಮುತ್ತಿದವು. ಆದರೆ ಬರೆದಾತನನ್ನು ಪೊಲೀಸರು ಪತ್ತೆಹಚ್ಚಿ ಜುಲೈಯಲ್ಲಿ ಬಂಧಿಸಿದರು.

ಇನ್ನು ನಮ್ಮ ಕಡೆ. 2018ರ ಜುಲೈಯಲ್ಲಿ, ಗಡಿಯಾಚೆ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ಭಾವಿಸಿ ಗುಂಪು ಹೊಡೆಯಿತು. ಹೈದರಾಬಾದಿನ ತರುಣ ಇಂಜಿನಿಯರರೊಬ್ಬರು ಪ್ರಾಣ ಕಳೆದುಕೊಂಡರು. ಅದೇ ತಿಂಗಳಲ್ಲಿ ವಾಟ್ಸಾಪ್ ಸಂಸ್ಥೆಯು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ರವಾನಿಸದಂತೆ ಮಿತಿಯನ್ನು ಹಾಕುವುದಾಗಿ ಪ್ರಕಟಿಸಿತು.

ಆ ದಿನಗಳಲ್ಲಿ ಅಂಥದೇ ಸುದ್ದಿಯೊಂದು ನನ್ನ ಕಾಕಾ ಅವರಿಂದ ನನಗೂ ಬಂದಿತ್ತು. ಅಪರಿಚಿತನು ಬರೆದಿದ್ದರೆ ಎರಡು ಸಲ ಓದುತ್ತಿದ್ದೆನೇನೋ. ಕಾಕಾ ಅವರನ್ನು ಅನುಮಾನಿಸುವುದುಂಟೆ? ಪಾಲಕರ ಗುಂಪಿಗೆ ನಾನೇ ಅದನ್ನು ಕಳುಹಿಸಿದೆ. ಅವರಿಗೋ, ಹೆಡ್ ಮಾಸ್ತರರು ಕಳುಹಿಸಿದ್ದೆಂದ ಮೇಲೆ ಮುಗಿಯಿತು! ಎರಡು ದಿನ ಅರ್ಧ ಶಾಲೆ ಖಾಲಿ. ಮೂರನೆಯ ದಿನ, ಪ್ರತಿವರ್ಷವೂ ಬರುವ ಪಾತ್ರೆ ವ್ಯಾಪಾರಿಯೊಬ್ಬನನ್ನು ಹನುಮಪ್ಪನ ಗುಡಿಯ ಕಟ್ಟೆಯ ಬಳಿ ತಡೆದು ನಿಲ್ಲಿಸಿದ್ದರು. ನಾನು ಓಡಿಹೋಗಿ, ತಪ್ಪು ನನ್ನದೆಂದು ಹೇಳಿ ಬಿಡಿಸಿದೆ. ಆತ ಬುಟ್ಟಿಯನ್ನೆತ್ತಿಕೊಂಡು ಹೋದವನು ಮತ್ತೆ ನಮ್ಮೂರಿಗೆ ಬಂದಿಲ್ಲ.

ಜಪಾನಿನಲ್ಲಿ ಬರೆದವನು ತನ್ನ ಹೆಸರನ್ನು ತಾನೇ ಮರೆಮಾಡುತ್ತಾನೆ. ನಮ್ಮಲ್ಲಿ ಅವನ ಹೆಸರಿರಬೇಕಾದಲ್ಲಿ ನಮ್ಮ ಹಿರಿಯರ ಹೆಸರು ಬಂದು ಕೂರುತ್ತದೆ. ಅಪರಿಚಿತನೇನೋ ಎರಡೂ ಕಡೆ ಉಂಟು; ನಮಗೆ ಮಾತ್ರ ಅವನು ಕಾಣಿಸುವುದಿಲ್ಲ.

ಕಳೆದ ವಾರ ಕಾಕಾ ಅವರಿಂದ ಮತ್ತೊಂದು ಎಚ್ಚರಿಕೆಯ ಸಂದೇಶ ಬಂದಿತು. “ಇದನ್ನು ಬರೆದವರು ಯಾರು, ಕಾಕಾ?” ಎಂದು ಕೇಳಿದೆ. ಬೀಗರು ಕಳುಹಿಸಿದರೆಂದರು. ಬೀಗರನ್ನು ಕೇಳಿದೆ, ಅಳಿಯಂದಿರು ಕಳುಹಿಸಿದರಂತೆ. ಅಳಿಯಂದಿರನ್ನೂ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.